ತುಂಬಿ ಬಂದ ಡಬ್ಬಿ

ನನ್ನ ಗಂಡ ಸತ್ತಿದ್ದಾರೆ ಎಂದು ನಾನು ದಿನಾ ಬೆಳಿಗ್ಗೆಯಿಂದ ನಂಬುತ್ತಿದ್ದೆ. ಸಂಜೆ ಅವರು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವ ತನಕ ನಂಬುತ್ತಿದ್ದೆ. ಬಂದ ಮೇಲೆ ಸಂತೋಷ ಆಗಬೇಕಲ್ಲ, ಆಗುತ್ತಿರಲಿಲ್ಲ. ಸಿಟ್ಟು ಬರುತ್ತಿತ್ತು. ಇಡೀ ದಿನ ನನ್ನನ್ನು ಹೀಗೆ ಸುಟ್ಟು, ಈಗ ಏನೂ ಆಗದವರ ಹಾಗೆ ಕಾಲು ತೊಳೆಯಲು ನೀರು ಕೇಳುತ್ತಾರಲ್ಲ ಎಂದು ತಂಬಿಗೆಯನ್ನು ಕುಕ್ಕಿ ಇಡುತ್ತಿದ್ದೆ. ಅವರು ಕಾಲು ತೊಳೆದುಕೊಳ್ಳುತ್ತಿದ್ದರು.

ಇದು ಐವತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಮದುವೆಯಾಗಿ ಮುಂಬಯಿಯ ಮುಲುಂಡಿಗೆ ಬಂದಿದ್ದೆ. ಚಾಳಿನಲ್ಲಿ ಒಂದೇ ಖೋಲಿ, ನೀರಿಗೆ ಕೆಳಗೆ ನಲ್ಲಿ. ಅವರು ಫೋರ್ಟಿನ ಒಂದು ವಿಮಾ ಆಫೀಸಿನಲ್ಲಿ ಕ್ಲಾರ್ಕ್. ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಸಂಜೆ ಲೋಕಲ್ ಹಿಡಿದು ಬರುವುದು. ಅಷ್ಟು ದೂರದಲ್ಲಿ, ಅಷ್ಟು ಜನರ ನಡುವೆ ಅವರಿಗೆ ಏನಾದರೂ ನನಗೆ ಗೊತ್ತಾಗುವುದು ಹೇಗೆ? ಮೊದಲು ಈ ಪ್ರಶ್ನೆ ನನಗೆ ಇರಲೇ ಇಲ್ಲ. ನಾನು ಸ್ವಭಾವತಃ ಅಂಜುಬುರುಕಿಯಲ್ಲ. ತವರಿನಲ್ಲಿ ಹಾವು ಬಂದರೆ ನನ್ನನ್ನೇ ಕೂಗುತ್ತಿದ್ದರು.

ಆದದ್ದು ಇಷ್ಟು. ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿ ಒಬ್ಬ ಗೃಹಸ್ಥರಿದ್ದರು, ನಮ್ಮವರ ಓರಗೆಯವರು. ಇಬ್ಬರೂ ದಿನಾ ಜೊತೆಗೇ ಸ್ಟೇಶನ್ನಿಗೆ ನಡೆದು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಆ ಗೃಹಸ್ಥರು ಓಡುವ ಗಾಡಿಯ ಬಾಗಿಲಿನಿಂದ ಬಿದ್ದು ಸತ್ತರು. ನಮ್ಮವರು ಅದರ ಹಿಂದಿನ ಗಾಡಿಯಲ್ಲಿ ಇದ್ದರಂತೆ, ಹಾಗೆಂದು ಅವರೇ ಹೇಳಿದರು. ಸುದ್ದಿ ಚಾಳಿಗೆ ಬಂದದ್ದು ಸಂಜೆಗೆ. ಆ ಮಧ್ಯಾಹ್ನವೆಲ್ಲ ಸತ್ತವರ ಹೆಂಡತಿ ನನ್ನ ಪಕ್ಕದಲ್ಲಿ ಗ್ಯಾಲರಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ನಾನು ಏನೋ ಚೇಷ್ಟೆ ಮಾಡಿದ್ದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಣೆಯ ಮೇಲೆ ಇಷ್ಟಗಲ ಕುಂಕುಮ, ಹೊಸ ಹಸಿರು ಬಳೆ. ಅವಳು ನಗುವಾಗ ಅವಳ ಗಂಡ ಆಗಲೇ ಬದುಕಿರಲಿಲ್ಲ!

ಸಾವಿಗೆ ನಾನು ಹೆದರಲಿಲ್ಲ. ಆ ನಗುವಿಗೆ ಹೆದರಿದೆ. ಎಲ್ಲಾ ಮುಗಿದು ಹೋಗಿದ್ದರೂ ಗೊತ್ತಿಲ್ಲದೆ ಅಕ್ಕಿ ಆರಿಸುತ್ತಾ ಕೂತಿರುವ ಆ ಮಧ್ಯಾಹ್ನ ನನಗೂ ಬಂದರೆ? ಈಗಲೇ ಬಂದಿದ್ದರೆ? ಅವತ್ತಿನಿಂದ ನನ್ನ ನಗು ನಿಂತಿತು. ನಗು ಬಂದರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದೆ, ಯಾರಿಗೆ ಗೊತ್ತು ಎಂದು.

ನಮ್ಮವರು ಹೊರಗೆ ಹೋದ ಕೂಡಲೇ ಅಂಗೈ ತಣ್ಣಗಾಗುತ್ತಿತ್ತು. ಆಮೇಲೆ ಬಾಯಿ ಒಣಗುವುದು, ಆಮೇಲೆ ಎದೆ. ಒದ್ದೆ ಸೀರೆಯನ್ನು ಇಬ್ಬರು ಎರಡು ತುದಿಗೆ ನಿಂತು ಹಿಂಡುತ್ತಾರಲ್ಲ, ಹಾಗೆ. ಹಾಲು ಉಕ್ಕುತ್ತಿರುವುದು ಕಣ್ಣಿಗೆ ಕಾಣುತ್ತಿದ್ದರೂ ಕೈ ಏಳುತ್ತಿರಲಿಲ್ಲ. ಡಾಕ್ಟರರ ಹತ್ತಿರ ಹೋದೆ. ಅವರು ಎದೆ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಒಂದು ಮಗುವಾದರೆ ಎಲ್ಲಾ ಸರಿಹೋಗುತ್ತದೆ ಎಂದರು. ಅವರ ತಲೆ! ಇರುವ ಒಬ್ಬರಿಗೇ ಹೀಗೆ ಸಾಯುತ್ತಿದ್ದೇನೆ, ಇನ್ನೊಂದು ಜೀವ ಬಂದರೆ ಅದಕ್ಕೂ ಸೇರಿಸಿ ಸಾಯಬೇಕಿತ್ತು. ತವರಿಗೆ ಹೋದಾಗ ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟಿಗೆ ಎಲ್ಲರೂ ಕೆಮ್ಮಿದರು, ನನ್ನ ಭಯವೊಂದು ಬಿಟ್ಟು.

ನನಗೆ ದಾರಿ ತೋರಿಸಿದ್ದು ಊಟದ ಡಬ್ಬಿ. ನಮ್ಮವರು ಮಡಿವಂತರ ಮನೆಯವರು, ಹೊರಗೆ ಉಣ್ಣುತ್ತಿರಲಿಲ್ಲ. ಅವರು ಹೋದ ಮೇಲೆ ನಾನು ಅಡಿಗೆ ಮುಗಿಸಿ, ಭಕ್ಕರಿ, ಪಲ್ಯ, ಅನ್ನ, ಸಾರು ಡಬ್ಬಿಗೆ ತುಂಬಿ ಇಡಬೇಕು. ಡಬ್ಬಾವಾಲಾ ಬಂದು ಒಯ್ಯುತ್ತಿದ್ದ. ಮಧ್ಯಾಹ್ನ ಊಟದ ಹೊತ್ತಿಗೆ ಅದು ಫೋರ್ಟಿನಲ್ಲಿ ಅವರ ಮೇಜಿನ ಮುಂದೆ. ಅವರು ಉಂಡ ಮೇಲೆ ಖಾಲಿ ಡಬ್ಬಿ ಡಬ್ಬಾವಾಲಾಗಳ ಕೈಯಿಂದ ಕೈಗೆ, ಗಾಡಿಯಿಂದ ಗಾಡಿಗೆ, ತಿರುಗಿ ನಮ್ಮ ಬಾಗಿಲಿಗೆ. ಒಂದು ದಿನ ಖಾಲಿ ಡಬ್ಬಿ ಕೈಗೆ ಬಂದಾಗ ಹೊಳೆಯಿತು: ಅಯ್ಯ, ಇವರು ಉಂಡಿದ್ದಾರೆ! ಉಂಡಿದ್ದಾರೆ ಅಂದರೆ ಆ ಹೊತ್ತಿಗೆ ಇದ್ದರು!

ನೀವು ನಗಬಹುದು. ಆದರೆ ಮುಳುಗುವವಳಿಗೆ ಅಷ್ಟು ಸಿಕ್ಕರೆ ಸಾಕು. ಅಂದಿನಿಂದ ನನ್ನ ದಿನ ಎರಡು ತುಂಡಾಯಿತು. ಡಬ್ಬಿ ಬರುವ ತನಕ ಒಂದು, ಬಂದ ಮೇಲೆ ಒಂದು. ಗ್ಯಾಲರಿಯಲ್ಲಿ ನಿಂತು ಡಬ್ಬಾವಾಲಾನ ಬಿಳಿ ಟೊಪ್ಪಿಗೆ ಮೂಲೆಯಲ್ಲಿ ಕಾಣುವುದನ್ನೇ ಕಾಯುತ್ತಿದ್ದೆ. ಡಬ್ಬಿ ಕೈಗೆ ಬಂದ ಕೂಡಲೇ ಅಲ್ಲಾಡಿಸಿ ನೋಡುತ್ತಿದ್ದೆ. ಟಣ್ ಎಂದರೆ ಒಳಗೆ ಹೋಗಿ, ಮುಚ್ಚಳ ತೆಗೆದು, ಅವರು ಬಿಟ್ಟ ಕರಿಬೇವಿನ ಎಲೆ ನೋಡಿ, ನೆಲದ ಮೇಲೆ ಅಡ್ಡಾಗುತ್ತಿದ್ದೆ. ಒಂದು ತಾಸು ನಿದ್ದೆ ಬರುತ್ತಿತ್ತು. ಇಡೀ ದಿನದಲ್ಲಿ ನಾನು ಬದುಕುತ್ತಿದ್ದುದು ಆ ಒಂದು ತಾಸು.

ಪಕ್ಕದ ಖೋಲಿಯಲ್ಲಿ ಉಡುಪಿ ಕಡೆಯವಳೊಬ್ಬಳಿದ್ದಳು. ಅವಳ ಗಂಡ ಫೋರ್ಟಿನಲ್ಲೇ ಒಂದು ಉಡುಪಿ ಹೋಟೆಲಿನಲ್ಲಿ ಅಡಿಗೆಯವರು, ಮಲಗುವುದೂ ಅಲ್ಲೇ, ವಾರಕ್ಕೊಮ್ಮೆ ಮನೆಗೆ. ನನ್ನ ಈ ಹುಚ್ಚು ಅವಳೊಬ್ಬಳಿಗೇ ಗೊತ್ತಿತ್ತು.

“ನೀವೊಂದು ಜನ ಮಾರಾಯ್ರೆ,” ಎನ್ನುತ್ತಿದ್ದಳು. “ನಮ್ಮವರು ಮುಖ ತೋರಿಸುದೇ ವಾರಕ್ಕೊಮ್ಮೆ. ನಾನೂ ಹೀಗೆ ಹೆದರಿ ಕೂತರೆ ಒಲೆ ಹೊತ್ತಿಸುದು ಯಾರು?”

“ನಿಮಗ ಅಂಜಿಕಿ ಬರೂದೇ ಇಲ್ಲೇನ್ರಿ?”

“ಬರ್ತದೆ. ಬಂದರೆ ಅಕ್ಕಿ ನೆನೆಹಾಕ್ತೇನೆ. ರುಬ್ಬುವ ಕಲ್ಲಿನ ಮುಂದೆ ಕೂತರೆ ಅದೂ ಕೂತುಕೊಳ್ತದೆ.”

ನಾನೂ ರುಬ್ಬಿ ನೋಡಿದೆ. ಹಿಟ್ಟು ನುಣ್ಣಗಾಯಿತು, ನಾನು ಆಗಲಿಲ್ಲ.

ನಮ್ಮವರಿಗೆ ಮಾತ್ರ ಹೇಳಲಿಲ್ಲ. ಹೇಗೆ ಹೇಳುವುದು? ನೀವು ಸತ್ತಿದ್ದೀರಿ ಎಂದು ದಿನಾ ಅನಿಸುತ್ತದೆ ಎಂದು ಗಂಡನಿಗೆ ಬಾಯಿಬಿಟ್ಟು ಹೇಳಲಿಕ್ಕಾಗುತ್ತದೆಯೇ? ಬಿಡ್ತು ಅನ್ನಬೇಕು! ಮೇಲಾಗಿ ಅವರೂ ಆಗ ಮೊದಲಿನಂತೆ ಇರಲಿಲ್ಲ. ಮಾತು ಕಡಿಮೆಯಾಗಿತ್ತು, ಮನೆಗೆ ಬರುವುದು ದಿನದಿಂದ ದಿನಕ್ಕೆ ತಡವಾಗುತ್ತಿತ್ತು. ಯಾಕೆಂದು ಕೇಳಿದರೆ “ಗಾಡ್ಯಾಗ ಗರ್ದಿ ಇತ್ತು” ಎನ್ನುತ್ತಿದ್ದರು. ಎಲ್ಲರ ಗಂಡಂದಿರೂ ಅದೇ ನೂಕುನುಗ್ಗಲಿನಲ್ಲಿ ಹೊತ್ತಿಗೆ ಸರಿಯಾಗಿ ಬರುತ್ತಾರಲ್ಲ ಎಂದು ನನಗೆ ಉರಿಯುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಡಬ್ಬಾವಾಲಾ ಮೆಟ್ಟಿಲು ಹತ್ತಿ ಬಂದವನು ಡಬ್ಬಿಯನ್ನು ಕೊಡುವ ಮೊದಲು ಕೈಯಲ್ಲೇ ಒಮ್ಮೆ ತೂಗಿದ.

“ಡಬಾ ಜಡ ಆಹೇ, ಬಾಯಿ,” ಎಂದ. ಡಬ್ಬಿ ಭಾರವಿದೆ ಎಂದು.

ನಾನು ಅಲ್ಲಾಡಿಸಿದೆ. ಸದ್ದು ಬರಲಿಲ್ಲ. ಮುಚ್ಚಳ ತೆಗೆದೆ. ನಾನು ಬೆಳಿಗ್ಗೆ ಹೇಗೆ ಇಟ್ಟಿದ್ದೆನೋ ಹಾಗೆ ಭಕ್ಕರಿ, ಅದರ ಮೇಲೆ ಚಟ್ನಿಪುಡಿ. ಬೆರಳು ತಾಗಿಸಿದ ಗುರುತೂ ಇಲ್ಲ. ಅನ್ನ ತಣ್ಣಗಾಗಿ ಗಡ್ಡೆ ಕಟ್ಟಿತ್ತು.

ಡಬ್ಬಾವಾಲಾ ಏನೋ ಹೇಳುತ್ತಾ ಇಳಿದು ಹೋದ. ಉಡುಪಿಯವಳು ಓಡಿ ಬಂದಳು. “ಎಂತ ಆಯ್ತು ಅಕ್ಕ? ಹೊಟ್ಟೆ ಸರಿ ಇಲ್ಲದೆ ಇರಬಹುದು. ಏಕಾದಶಿ ಏನಾದ್ರೂ ಉಂಟಾ ಇವತ್ತು?” ಏಕಾದಶಿ ಮುಗಿದು ಬಹಳ ದಿನವಾಗಿರಲಿಲ್ಲ. ಅವಳ ಮಾತು ನನ್ನ ಕಿವಿಗೆ ದೂರದಿಂದ ಬಂದಂತೆ ಬರುತ್ತಿತ್ತು. ನಾನು ಕನ್ನಡಿಯ ಮುಂದೆ ಹೋದದ್ದು ನೆನಪಿದೆ. ನನ್ನ ಕುಂಕುಮ ನೋಡಿದೆ. ಇದು ಇದೆಯೋ ಇಲ್ಲವೋ, ಯಾರನ್ನು ಕೇಳಲಿ?

ಅದನ್ನು ಕೇಳಲಿಕ್ಕೆ ಹೊರಟೆ. ಒಬ್ಬಳೇ ಎಂದೂ ಲೋಕಲ್ ಹತ್ತಿದವಳಲ್ಲ. ಡಬ್ಬಿ ಕೈಯಲ್ಲೇ ಇತ್ತು, ಕೆಳಗಿಡಲು ತೋಚಲಿಲ್ಲ. ಉಡುಪಿಯವಳು ಟಿಕೆಟಿಗೆಂದು ಚಿಲ್ಲರೆಯನ್ನು ನನ್ನ ಸೆರಗಿಗೆ ಗಂಟು ಹಾಕಿ, ಸ್ಟೇಶನ್ ತನಕ ಬಂದು, ಹೆಂಗಸರ ಬೋಗಿಗೆ ಹತ್ತಿಸಿ, “ಬೋರಿಬಂದರು ಕೊನೆಯ ಸ್ಟೇಶನ್, ಎಲ್ಲರೂ ಇಳಿತಾರೆ, ನೀವೂ ಇಳೀರಿ” ಎಂದಳು. ಗಾಡಿ ಹೊರಟಿತು. ವಿಚಿತ್ರವೆಂದರೆ ಓಡುವ ಗಾಡಿಯಲ್ಲಿ ನನ್ನ ಎದೆ ಮನೆಯಲ್ಲಿ ಇರುವಷ್ಟು ಹಿಂಡುತ್ತಿರಲಿಲ್ಲ. ವಿಕ್ರೋಳಿಯ ಹತ್ತಿರ ಗಾಡಿ ಸಿಗ್ನಲಿಗೆ ನಿಂತಿತು ನೋಡಿ, ಆಗ ಹಿಡಿದುಕೊಂಡಿತು. ಹೊರಗೆ ಕಾರಖಾನೆಯ ಗೋಡೆ, ಕುರುಚಲು ಹುಲ್ಲು. ಯಾರೋ ಗಾಲಿಯ ಕೆಳಗೆ ಸಿಕ್ಕಿದ್ದಾರೆ, ಅದಕ್ಕೇ ನಿಂತಿದೆ ಎನಿಸಿತು. ಎದುರಿಗೆ ಕೂತ ಹೆಂಗಸೊಬ್ಬಳು ಬಟಾಣಿ ಸುಲಿಯುತ್ತಿದ್ದಳು. ಅವಳ ಕೈಯನ್ನು ಹಿಡಿದು ನಿಲ್ಲಿಸಬೇಕೆನಿಸಿತು. ನಿನ್ನ ಗಂಡ ಎಲ್ಲಿದ್ದಾನೆ ಗೊತ್ತೇನೇ, ಇಷ್ಟು ಆರಾಮಾಗಿ ಸುಲಿಯುತ್ತೀಯಲ್ಲ?

ಆಫೀಸಿನ ಬಿಲ್ಡಿಂಗನ್ನು ಅವರು ನನಗೆ ಒಮ್ಮೆ ತೋರಿಸಿದ್ದರು. ಎರಡು ಸಲ ದಾರಿ ತಪ್ಪಿ, ಮೂವರನ್ನು ಕೇಳಿ, ಅಂತೂ ಮುಟ್ಟಿದೆ. ಅಷ್ಟು ದೊಡ್ಡ ಬಾಗಿಲು, ಒಳಗೆ ಕಲ್ಲಿನ ಮೆಟ್ಟಿಲು, ಬಾಗಿಲ ಬಳಿ ಸ್ಟೂಲಿನ ಮೇಲೆ ಖಾಕಿ ಅಂಗಿಯ ಮುದುಕ. ಮರಾಠಿಯವನು. ನನ್ನ ಹರಕುಮುರುಕು ಮರಾಠಿಯಲ್ಲಿ, ನಮ್ಮ ಮನೆಯವರು ಇಲ್ಲಿ ಕೆಲಸ ಮಾಡುತ್ತಾರೆ, ಕರೆಯಿರಿ ಎಂದೆ.

“ನಾಂವ ಕಾಯ?” ಎಂದ. ಹೆಸರೇನು?

ನಾನು ಬಾಯಿ ತೆರೆದೆ. ಹಾಗೇ ಮುಚ್ಚಿದೆ.

ಈಗಿನವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಹುಟ್ಟಿದಾಗಿನಿಂದ ಕೇಳಿದ್ದು. ನನ್ನ ಅವ್ವ ಹೇಳಿದ್ದನ್ನು ಕೇಳಿಲ್ಲ, ಅಜ್ಜಿ ಹೇಳಿದ್ದನ್ನು ಕೇಳಿದ್ದೆ. ಅಜ್ಜ ಸತ್ತ ಮೇಲೆ. ಸತ್ತ ಮೇಲೆ ಹೇಳಬಹುದಿತ್ತು, ಇನ್ನೇನು ಕಡಿಮೆಯಾಗಬೇಕು? ಆದುದರಿಂದ ಆ ಬಾಗಿಲಲ್ಲಿ ನಿಂತು ನನಗೆ ಅನಿಸಿದ್ದು ಇದು. ಅವರು ಇದ್ದರೆ, ಹೆಸರು ಹೇಳಿ ನಾನೇ ಕೊಂದ ಹಾಗೆ. ಹೇಳಲಿಕ್ಕೆ ನನಗೆ ಭಯವಾಗದಿದ್ದರೆ, ಅವರು ಇಲ್ಲವೆಂದು ನಾನೇ ಒಪ್ಪಿಕೊಂಡ ಹಾಗೆ. ಹೇಳದಿದ್ದರೆ ಅವರು ಇದ್ದಾರೋ ಇಲ್ಲವೋ ತಿಳಿಯುವುದೇ ಇಲ್ಲ. ಎಲ್ಲಿ ಹೋಗಲಿ ನಾನು? ಮೂರು ಕಡೆಗೂ ಗೋಡೆ.

ಮುದುಕ ಮತ್ತೆ ಕೇಳಿದ. ನಾನು ಡಬ್ಬಿ ತೋರಿಸಿದೆ. ಅವರು ಬೆಳ್ಳಗಿದ್ದಾರೆ, ಕನ್ನಡಕ ಇದೆ, ಧಾರವಾಡದವರು ಎಂದೆ. ಕನ್ನಡಕದವರು ಒಳಗೆ ರಾಶಿ ಇದ್ದಾರೆ ಬಾಯಿ, ಹೆಸರು ಹೇಳು ಎಂದ. ಹೋಗಿ ಬರುವವರು ನಿಂತು ನೋಡತೊಡಗಿದರು. ಬೆವರು ಕಣ್ಣಿಗಿಳಿಯಿತು. ಆಗ ನನ್ನ ಬಾಯಿಂದ ತಾನಾಗಿ ಒಡಪು ಹೊರಟಿತು.

ಮದುವೆಯಲ್ಲಿ, ಹಬ್ಬದಲ್ಲಿ ಹೆಂಗಸರು ಬಾಗಿಲು ತಡೆದು ಗಂಡನ ಹೆಸರು ಹೇಳೆಂದು ಕಾಡಿದರೆ ನಾವು ಎರಡು ಸಾಲು ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಿದ್ದೆವು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ನಗೆಚಾಟಿಕೆಗೆಂದು ಇರುವ ಪದ್ಧತಿ ಅದು, ಅರಿಸಿನ ಹಚ್ಚಿಕೊಂಡು ಹೇಳುವಂಥದು. ನಾನು ಫೋರ್ಟಿನ ಬೀದಿಯಲ್ಲಿ, ಕೆದರಿದ ಕೂದಲಲ್ಲಿ, ತುಂಬಿದ ಡಬ್ಬಿಯನ್ನು ಎದೆಗೆ ಅವಚಿಕೊಂಡು, ಅಳುತ್ತಾ ಹೇಳಿದೆ.

“ಅಂಗಳದಾಗ ರಂಗೋಲಿ, ಅಡಗಿ ಮನ್ಯಾಗ ಹಾಲು...”

ಎರಡನೆಯ ಸಾಲಿನ ಮೊದಲಿಗೆ ಅವರ ಹೆಸರು. ಅಲ್ಲಿ ದನಿ ಒಡೆಯಿತು, ಆದರೂ ಹೇಳಿದೆ.

“...ರಾಯರು ಬರೂ ಹೊತ್ತಿಗೆ ತೆರದದ ಬಾಗಲು.”

ಯಾರೋ ಕಿಸಕ್ಕನೆ ನಕ್ಕರು. ಮುದುಕ ನಗಲಿಲ್ಲ. ಅವರಲ್ಲೂ ಹೆಂಗಸರು ಹೀಗೆಯೇ ಉಖಾಣೆ ಕಟ್ಟಿ ಗಂಡನ ಹೆಸರು ಹೇಳುತ್ತಾರೆ. ಕನ್ನಡ ಬಾರದಿದ್ದರೂ ಹೆಸರೆಲ್ಲಿತ್ತೆಂದು ಅವನಿಗೆ ಗೊತ್ತಾಯಿತು. ಸ್ಟೂಲಿನಿಂದ ಎದ್ದು ನನ್ನನ್ನು ಅದರ ಮೇಲೆ ಕೂಡಿಸಿ ಮೆಟ್ಟಿಲು ಹತ್ತಿ ಹೋದ.

ಎಷ್ಟು ಹೊತ್ತು ಕೂತಿದ್ದೆನೋ. ಕಾಲಸಪ್ಪಳ ಬಂತು. ಇಬ್ಬರದು. ನಾನು ತಲೆಯೆತ್ತಲಿಲ್ಲ. ಪರಿಚಯದ ಚಪ್ಪಲಿ ನನ್ನ ಎದುರಿಗೆ ಬಂದು ನಿಂತಿತು.

“ಯಾಕ ಬಂದಿ? ಯಾರಿಗೇನಾತು? ಊರಾಗ ಯಾರರೆ...” ಅವರ ಮುಖ ಸುಣ್ಣದ ಹಾಗಾಗಿತ್ತು.

ಇದ್ದರು. ಉಸಿರಾಡುತ್ತಿದ್ದರು. ಕಿವಿಯ ಮೇಲೆ ಮಸಿಯ ಕಲೆ. ನಾನು ಕಾದದ್ದು ಈ ಗಳಿಗೆಗೆ ಅಲ್ಲವೇ? ಈಗ ಎದೆ ಬಿಡಬೇಕಲ್ಲ, ಬಿಡಲಿಲ್ಲ. ಅವರು ಎದುರಿಗೇ ನಿಂತಿದ್ದರೂ ಅದು ಹಾಗೇ ಹಿಂಡುತ್ತಿತ್ತು. ಅವತ್ತು ತಿಳಿಯಿತು ನನಗೆ. ಅವರು ಬದುಕಿರುವುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅದು ನನ್ನೊಳಗೆ ಮನೆ ಮಾಡಿತ್ತು, ಅವರ ಹೆಸರಿನಲ್ಲಿ. ಇದು ತಿಳಿದು ನನಗೆ ಇನ್ನಷ್ಟು ಗಾಬರಿಯಾಯಿತು.

“ಯಾಕ್ರೀ ಊಟಾ ಮಾಡಲಿಲ್ಲಾ?” ಎಂದು ಕಿರಿಚಿದೆ. ಎಲ್ಲರ ಮುಂದೆ. ಡಬ್ಬಿಯನ್ನು ಅವರ ಹೊಟ್ಟೆಗೆ ಒತ್ತಿ ಹಿಡಿದೆ.

ಅವರು ಸುತ್ತ ನೋಡಿದರು. ನನ್ನ ರಟ್ಟೆ ಹಿಡಿದು ಮೂಲೆಗೆ ಕರೆದುಕೊಂಡು ಹೋಗಿ, ಸಣ್ಣ ದನಿಯಲ್ಲಿ ಹೇಳಿದರು. ಪ್ಯೂನ್ ಊರಿಗೆ ಹೋಗಿದ್ದಾನೆ. ದಿನಾ ಡಬ್ಬಿ ಉಣ್ಣುತ್ತಿದ್ದವನು ಅವನು. “ನನಗ ಅನ್ನಾ ಇಳಿಯೂದಿಲ್ಲ, ಗಂಟಲಾಗ ಹಿಡೀತದ. ಬಹಳ ದಿನಾ ಆತು. ಹಂಗ ತಿರಗಿ ಕಳಿಸಿದ್ರ ನೀ ಕಾಳಜಿ ಮಾಡ್ತಿ ಅಂತ...”

ನೋಡಿ ಹೇಗಿದೆ! ಇಷ್ಟು ದಿನ ನಾನು ಖಾಲಿ ಡಬ್ಬಿ ಅಲ್ಲಾಡಿಸಿ, ಕರಿಬೇವಿನ ಎಲೆ ನೋಡಿ, ನನ್ನ ಮಂಗಳಸೂತ್ರ ಗಟ್ಟಿಯಿದೆ ಎಂದು ಮಲಗುತ್ತಿದ್ದೆನಲ್ಲ, ಆ ಎಲೆ ಪ್ಯೂನ್ ಬಿಟ್ಟದ್ದು. ಯಾವನೋ ಪುಣ್ಯಾತ್ಮನ ಹಸಿವನ್ನು ನೋಡಿ ನಾನು ಗಂಡ ಇದ್ದಾನೆ ಎಂದು ನಿದ್ದೆ ಮಾಡುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಮುಖ ನೋಡಿದೆ. ಕೆನ್ನೆ ಒಳಗೆ ಹೋಗಿತ್ತು, ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ದಿನಾ ಸಂಜೆ ಇದೇ ಮುಖದ ಮುಂದೆ ತಂಬಿಗೆ ಕುಕ್ಕಿದ್ದೆ, ನೋಡಿರಲಿಲ್ಲ.

ಆಫೀಸು ಬಿಟ್ಟಿತು. ಬೋರಿಬಂದರಿಗೆ ನಡೆದೆವು. ಪ್ಲಾಟ್‌ಫಾರ್ಮಿನಲ್ಲಿ ಜನವೋ ಜನ. ಗಾಡಿ ಬಂತು, ನಿಲ್ಲುವ ಮೊದಲೇ ಜನ ಬಾಗಿಲಿಗೆ ಜೋತುಬಿದ್ದರು. ನಮ್ಮವರು ಕಂಬಕ್ಕೆ ಒತ್ತಿ ನಿಂತರು.

“ಮುಂದಿನದಕ್ಕ ಹೋಗೋಣು,” ಎಂದರು.

ಮುಂದಿನದು ಬಂತು. ಅದಕ್ಕೂ ಹಾಗೇ ಅಂದರು. ಅದರ ಮುಂದಿನದಕ್ಕೂ. ನನಗೆ ತಲೆ ಕೆಟ್ಟಿತು. “ಏನ್ರೀ ಇದು? ದಿನಾ ಹಿಂಗ ಮಾಡ್ತೀರೇನು? ಇದಕ್ಕ ತಡಾ ಆಗ್ತದೇನು ನಿಮಗ? ನಾ ಅಲ್ಲೆ ಜೀವಾ ಕೈಯಾಗ ಹಿಡಕೊಂಡು...” ಎಂದು ಶುರುಮಾಡಿದವಳು ಅವರ ಕೈ ನೋಡಿ ಸುಮ್ಮನಾದೆ. ಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಮುಟ್ಟಿದೆ. ತಣ್ಣಗೆ, ಒದ್ದೆ. ಅದು ನನ್ನ ಕೈಯೇ ಆಗಿತ್ತು. ಮುಲುಂಡಿನ ಖೋಲಿಯಲ್ಲಿ ದಿನಾ ಬೆಳಿಗ್ಗೆ ಹೀಗಾಗುತ್ತಿದ್ದ ನನ್ನ ಕೈ.

ಅವರು ಹಳಿಯ ಕಡೆ ನೋಡುತ್ತಾ ಹೇಳಿದರು.

“ಅವತ್ತ ನಾ ಹಿಂದಿನ ಗಾಡ್ಯಾಗ ಇರಲಿಲ್ಲ. ಅವ ಬಿದ್ದ ಗಾಡ್ಯಾಗನ ಇದ್ದೆ. ಬಾಗಲದಾಗ, ಅವನ ಬಾಜೂಕ. ಕಾಲು ಜಾರಿದ ಕೂಡಲೆ ನನ್ನ ಕೈ ಹಿಡದಾ. ನಾನೂ ಹಿಡದಿದ್ದೆ. ಗಟ್ಟಿ ಹಿಡದಿದ್ದೆ. ಬೆವರಿತ್ತು.”

ಮತ್ತೊಂದು ಗಾಡಿ ಬಂದು ತುಂಬಿಕೊಂಡು ಹೋಯಿತು. ಒಂದೇ ಖೋಲಿಯಲ್ಲಿ, ಒಂದೇ ಚಾಪೆಯ ಮೇಲೆ, ಇಬ್ಬರೂ ಇದನ್ನು ಮುಚ್ಚಿಟ್ಟುಕೊಂಡು ಮಲಗಿದ್ದೆವು. ಅವರ ಭಯಕ್ಕೆ ಅವರು ತಡವಾಗುತ್ತಿದ್ದರು, ಅವರು ತಡವಾದದ್ದಕ್ಕೆ ನನ್ನ ಭಯ ಬೆಳೆಯುತ್ತಿತ್ತು.

ಅವರು ನನ್ನ ಕಡೆ ತಿರುಗಿದರು. ಎಲ್ಲಿಂದಲೋ ಬಂದವಳನ್ನು ನೋಡುವ ಹಾಗೆ ನೋಡಿದರು.

“ನಿನಗೂ ಹಿಂಗ ಆಗ್ತದೇನು?”

ಡಾಕ್ಟರರು ಕೇಳಿರಲಿಲ್ಲ, ಅವ್ವ ಕೇಳಿರಲಿಲ್ಲ. “ದಿನಾ ಆಗ್ತದರಿ,” ಎಂದೆ. “ನೀವು ಬಾಗಲಾ ದಾಟಿದ ಕೂಡಲೆ.”

ಅವರು ತಲೆಯಾಡಿಸಿದರು. ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು, ಆ ಜನಸಂದಣಿಯಲ್ಲಿ, ಯಾರು ನೋಡುತ್ತಾರೆಂದೂ ಲೆಕ್ಕಿಸದೆ. ಆಗ ಜನ ಸ್ವಲ್ಪ ತೆಳ್ಳಗಾಗಿದ್ದರು. ದೂರದಲ್ಲಿ ಮತ್ತೊಂದು ಗಾಡಿಯ ದೀಪ ಕಂಡಿತು. ಗಾಡಿ ಬಂದು ಎದುರಿಗೆ ನಿಂತಿತು, ಬಾಗಿಲಲ್ಲಿ ಕಾಲಿಡಲು ಜಾಗವಿತ್ತು.

“ಬಾ, ಹೋಗೋಣು,” ಎಂದು ಅವರು ಒಂದು ಹೆಜ್ಜೆ ಮುಂದಿಟ್ಟರು.

ನಾನು ಆ ತೆರೆದ ಬಾಗಿಲನ್ನು ನೋಡಿದೆ. ನಡುವಿನ ಸರಳನ್ನು ನೋಡಿದೆ. ನನ್ನ ಕೈಯೊಳಗಿದ್ದ ಅವರ ಕೈ ಬೆವರಿತ್ತು. ಅದನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಎಳೆದೆ.

“ಮುಂದಿನದಕ್ಕ ಹೋಗೋಣ್ರಿ,” ಎಂದೆ ನಾನು.